ಕೀರ್ತಿಯ ಒಡೆತನ: ವೀರಗಲ್ಲಿನಿಂದ ತಾರಾವರ್ಚಸ್ಸಿನವರೆಗೆ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನವು ಕನ್ನಡ ನಾಡಿನ ವಿದ್ವಾಂಸರಿಗೆ ಸುಪರಿಚಿತವಾದುದು. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗನು ತನ್ನ ಅಧೀನನಾದ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಬೇಡಿಕೊಳ್ಳೆಂದಾಗ, ಆತ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೊಮ್ಮೆ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಹೊಲವನ್ನೂ ಬಿಡಲಾಯಿತು. ನಾಯಿಗೆ ವೀರಗಲ್ಲು ನಿಲ್ಲಿಸಿದ ಈ ಪ್ರಸಂಗವನ್ನು ನಮ್ಮ ಚರಿತ್ರೆಯ ಪುಸ್ತಕಗಳು ಒಂದು ಸೋಜಿಗವೆಂಬಂತೆ ಹೇಳುತ್ತ ಬಂದಿವೆ. ಆದರೆ ಶಾಸನದ ಕೊನೆಯಲ್ಲಿ ಬರುವ ಮಾತು ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಆ ಹೊಲದ ಫಲವನ್ನು ಉಣ್ಣುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎಂಬುದು ಆ ಮಾತಿನ ತಾತ್ಪರ್ಯ.

ಕೀರ್ತಿಗೆ ಆದಾಯವಿದೆ, ಆ ಆದಾಯವನ್ನು ಉಣ್ಣುವವನಿಗೆ ಒಂದು ಋಣವೂ ಇದೆ ಎಂಬ ತಿಳಿವಳಿಕೆ ಹತ್ತನೆಯ ಶತಮಾನದಲ್ಲಿಯೇ ನಮ್ಮ ನಾಡಿನಲ್ಲಿತ್ತು ಎಂಬುದಕ್ಕೆ ಈ ಶಾಸನ ಸಾಕ್ಷಿ. ಇಂದು ಕ್ರೀಡಾಪಟುಗಳೂ ಚಿತ್ರನಟರೂ ತಮ್ಮ ಮುಖ, ಹೆಸರು, ಕಂಠ, ಭಂಗಿಗಳನ್ನು ಆಸ್ತಿಯಂತೆ ಕಾಯ್ದುಕೊಂಡು ಹಣವಾಗಿ ಪರಿವರ್ತಿಸುವ ಕ್ರಮವನ್ನು ಸಾಮಾನ್ಯವಾಗಿ ಜಾಗತೀಕರಣದ ಕೂಸೆಂದು ಬಗೆಯಲಾಗುತ್ತದೆ. ಅದು ಭಾಗಶಃ ನಿಜ. ಆದರೆ ಕೀರ್ತಿಯ ಹೊಲವನ್ನು ಯಾರು ಉಳಬೇಕು, ಯಾರು ಉಣ್ಣಬೇಕು, ಉಂಡವರು ಯಾರಿಗೆ ಋಣಿಗಳು ಎಂಬ ಪ್ರಶ್ನೆ ಬಹಳ ಹಳೆಯದು. ಈ ಪ್ರಶ್ನೆಯ ಚಾರಿತ್ರಿಕ ಹಾದಿಯನ್ನು ಜಾನಪದದ ಕಣ್ಣಿನಿಂದ ಗುರುತಿಸಲು ಪ್ರಸ್ತುತ ಲೇಖನದಲ್ಲಿ ಪ್ರಯತ್ನಿಸಲಾಗಿದೆ.

1. ಕಲ್ಲು, ಹೊಲ ಮತ್ತು ಹಾಡು

ನಮ್ಮ ವೀರಗಲ್ಲುಗಳನ್ನು ಸಾಲಾಗಿ ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ ಎಂಬ ವಿನ್ಯಾಸ ನೂರಾರು ಕಲ್ಲುಗಳಲ್ಲಿ ಮರುಕಳಿಸುತ್ತದೆ. ಅಲ್ಲಿನ ವೀರರ ಮುಖಗಳು ಬಹುಮಟ್ಟಿಗೆ ಒಂದೇ ತೆರನಾಗಿವೆ. ಶಿಲ್ಪಿಗೆ ಸತ್ತವನ ಚಹರೆ ಬೇಕಾಗಿರಲಿಲ್ಲ. ಅವನು ಮಾಡಿದ ಕಾರ್ಯ ಬೇಕಾಗಿತ್ತು. ತುರುಗೊಳ್ ಕಾಳಗದಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ದೊರೆಯುತ್ತಿತ್ತು. ಅಂದರೆ ಕೀರ್ತಿಯು ಆರ್ಥಿಕ ಮೌಲ್ಯವನ್ನು ಪಡೆಯುತ್ತಿದ್ದುದು ವೀರನ ಮರಣಾನಂತರ, ಅದೂ ಊರಿನ ಇಲ್ಲವೆ ಅರಸನ ಮೂಲಕ. ಬದುಕಿರುವ ವೀರನು ತನ್ನ ಹೆಸರನ್ನು ತಾನೇ ಮಾರುವ ಅವಕಾಶ ಆ ವ್ಯವಸ್ಥೆಯಲ್ಲಿರಲಿಲ್ಲ.

ಮೌಖಿಕ ಪರಂಪರೆಯಲ್ಲಿಯೂ ಇದೇ ತತ್ವವನ್ನು ಕಾಣುತ್ತೇವೆ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಹಾಡುವ ಗಾಯಕ ರಾಯಣ್ಣನ ವಂಶದವರ ಅಪ್ಪಣೆ ಕೇಳುವುದಿಲ್ಲ. ಮಲೆಯ ಮಾದಪ್ಪನ ಕಥೆಯನ್ನು ಹಾಡಿ ಕಾಣಿಕೆ ಪಡೆಯುವ ಕಂಸಾಳೆಯವನು ಆ ಕಾಣಿಕೆಗೆ ಪ್ರತಿಯಾಗಿ ದೀಕ್ಷೆಯ ನೇಮಗಳನ್ನು ಪಾಲಿಸುತ್ತಾನೆ. ಹೆಸರು ಹಾಡುವವರದು, ಆದರೆ ಹಾಡಿ ಉಣ್ಣುವವರಿಗೆ ಕಟ್ಟುಪಾಡುಗಳುಂಟು. ಕರಾವಳಿಯ ಕಂಬಳದಲ್ಲಿ ಗೆಲುವನ್ನು ಸಾರುವಾಗ ಕೋಣಗಳ ಯಜಮಾನನ ಮನೆತನದ ಹೆಸರು ಮೊದಲು ಕೇಳಿಸುತ್ತದೆ, ಓಡಿಸಿದವನ ಹೆಸರು ಅದರ ಜೊತೆಗೆ ಬರುತ್ತದೆ. ಗೆಲುವಿನ ಕೀರ್ತಿ ಕೋಣ, ಮನೆತನ, ಓಟಗಾರ, ಊರು ಇವರೆಲ್ಲರಲ್ಲಿ ಹಂಚಿಹೋಗುತ್ತದೆ. ಈ ಹಂಚಿಕೆ ಸಮಾನವಾದುದೆಂದು ಹೇಳಲಾಗದು. ಜಾತಿ ಮತ್ತು ಭೂಒಡೆತನಗಳು ಅದನ್ನು ನಿರ್ಧರಿಸುತ್ತಿದ್ದವು. ಬೆವರು ಒಬ್ಬನದು, ಹೆಸರು ಇನ್ನೊಬ್ಬನದು ಎಂಬ ಸ್ಥಿತಿಯನ್ನು ಜಾನಪದದ ಹೆಸರಿನಲ್ಲಿ ವೈಭವೀಕರಿಸಬೇಕಾಗಿಲ್ಲ. ಕೀರ್ತಿಯು ಒಬ್ಬ ವ್ಯಕ್ತಿಯ ಖಾಸಗಿ ಸೊತ್ತೆಂಬ ಕಲ್ಪನೆ ಅಲ್ಲಿರಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

2. ಸ್ಯಾಂಡೊ ಎಂಬ ಹೆಸರು

ದೇಹವನ್ನೂ ಹೆಸರನ್ನೂ ಒಟ್ಟಾಗಿ ವ್ಯಾಪಾರದ ಸರಕನ್ನಾಗಿ ಮಾಡಿದ ಮೊದಲಿಗರಲ್ಲಿ ಯೂಜಿನ್ ಸ್ಯಾಂಡೊ (1867-1925) ಪ್ರಮುಖನು. ಪ್ರಶ್ಯದ ಕೋನಿಗ್ಸ್‌ಬರ್ಗಿನಲ್ಲಿ ಹುಟ್ಟಿದ ಈತನ ಮೂಲ ಹೆಸರು ಬೇರೆ. ಸ್ಯಾಂಡೊ ಎಂಬುದು ರಂಗಕ್ಕಾಗಿ ಇಟ್ಟುಕೊಂಡ ಹೆಸರು. ಲಂಡನ್ನಿನಲ್ಲಿ ನೆಲೆಸಿದ ಈತ ವ್ಯಾಯಾಮಶಾಲೆಯನ್ನು ತೆರೆದ, 1898ರಲ್ಲಿ ತನ್ನದೇ ಪತ್ರಿಕೆಯನ್ನು ಆರಂಭಿಸಿದ, 1901ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ದೇಹದಾರ್ಢ್ಯ ಸ್ಪರ್ಧೆಯನ್ನು ಏರ್ಪಡಿಸಿದ. ತನ್ನ ಹೆಸರು ಹೊತ್ತ ಡಂಬೆಲ್ಲುಗಳನ್ನೂ ಕೋಕೋ ಪುಡಿಯನ್ನೂ ಮಾರಿದ. ಪ್ರಾಚೀನ ಗ್ರೀಕ್ ಪ್ರತಿಮೆಗಳ ಭಂಗಿಯಲ್ಲಿ ತೆಗೆಸಿಕೊಂಡ ಅವನ ಛಾಯಾಚಿತ್ರಗಳು ಅಂಚೆಕಾರ್ಡುಗಳಾಗಿ ಹರಡಿದವು. ವೀರಗಲ್ಲಿನ ವೀರನಿಗೆ ಮುಖವೇ ಇರಲಿಲ್ಲ. ಇಲ್ಲಿ ಕಾರ್ಯಕ್ಕಿಂತ ಚಹರೆಯೇ ಮುಂದಾಯಿತು. ಈ ಪಲ್ಲಟವನ್ನು ಸಾಧ್ಯವಾಗಿಸಿದ್ದು ಛಾಯಾಚಿತ್ರ ಮತ್ತು ಅಗ್ಗದ ಮುದ್ರಣ.

ಸ್ಯಾಂಡೊ 1904-05ರಲ್ಲಿ ಭಾರತ ಪ್ರವಾಸ ಮಾಡಿದ. ಅವನ ಪ್ರಭಾವ ಇಲ್ಲಿನ ಗರಡಿಮನೆಗಳ ಸಂಸ್ಕೃತಿಯ ಮೇಲೆ ಹಲವು ಬಗೆಗಳಲ್ಲಿ ಆಯಿತು. ಆಂಧ್ರದ ಕೋಡಿ ರಾಮಮೂರ್ತಿ ನಾಯ್ಡು ಅವರು ಭಾರತದ ಸ್ಯಾಂಡೊ ಎಂದೇ ಪ್ರಸಿದ್ಧರಾದರು. ಆದರೆ ಜಾನಪದ ವಿದ್ಯಾರ್ಥಿಗೆ ಹೆಚ್ಚು ಕುತೂಹಲಕರವಾದುದು ಆ ಹೆಸರಿಗೆ ಮುಂದೆ ಒದಗಿದ ಗತಿ. ಇಂದಿಗೂ ನಮ್ಮ ಹಳ್ಳಿಯ ಸಂತೆಯಲ್ಲಿ ತೋಳಿಲ್ಲದ ಒಳಂಗಿಯನ್ನು ‘ಸ್ಯಾಂಡೊ ಬನಿಯನ್’ ಎಂದೇ ಕೇಳಿ ಕೊಳ್ಳುತ್ತಾರೆ. ಆ ಬನಿಯನ್ನು ಕೊಳ್ಳುವವನಿಗೆ ಸ್ಯಾಂಡೊ ಒಬ್ಬ ಮನುಷ್ಯನಾಗಿದ್ದನೆಂಬುದೂ ಗೊತ್ತಿಲ್ಲ. ತನ್ನ ಹೆಸರನ್ನು ಅಷ್ಟು ಜಾಗರೂಕತೆಯಿಂದ ವ್ಯಾಪಾರಕ್ಕಿಟ್ಟವನ ಹೆಸರು ಜನರ ನಾಲಗೆಗೆ ಬಿದ್ದು ನಾಮಪದವಾಗಿ ಕರಗಿಹೋಯಿತು. ಒಡೆತನದ ಬೇಲಿ ಎಷ್ಟೇ ಬಲವಾಗಿದ್ದರೂ ಜನಭಾಷೆ ಅದನ್ನು ದಾಟಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

3. ಅವಮಾನದಿಂದ ಆಸ್ತಿಗೆ

ಹೆಸರುವಾಸಿಯಾದವನು ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವುದು ಗೌರವವೋ ಅಗೌರವವೋ ಎಂಬ ವಿಷಯದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ದೊಡ್ಡ ಬದಲಾವಣೆ ಉಂಟಾಯಿತು. ಇದನ್ನು ಎರಡು ವಿದೇಶಿ ಮೊಕದ್ದಮೆಗಳು ಸ್ಪಷ್ಟವಾಗಿ ತೋರಿಸುತ್ತವೆ. ಇಂಗ್ಲೆಂಡಿನ ಹವ್ಯಾಸಿ ಗಾಲ್ಫ್ ಆಟಗಾರ ಸಿರಿಲ್ ಟೋಲಿಯ ವ್ಯಂಗ್ಯಚಿತ್ರವನ್ನು ಫ್ರೈ ಚಾಕೊಲೆಟ್ ಕಂಪನಿಯು ಆತನ ಅನುಮತಿಯಿಲ್ಲದೆ ಜಾಹೀರಾತಿನಲ್ಲಿ ಬಳಸಿತು. ಚಿತ್ರದಲ್ಲಿ ಅವನ ಜೇಬಿನಿಂದ ಚಾಕೊಲೆಟ್ ಇಣುಕುತ್ತಿತ್ತು. ಟೋಲಿಯು ತನ್ನ ಪಾಲಿನ ಹಣ ಕೇಳಲಿಲ್ಲ. ತನಗೆ ಮಾನಹಾನಿಯಾಯಿತೆಂದು ದೂರಿದ. ಹಣ ಪಡೆದು ಜಾಹೀರಾತಿಗೆ ಒಪ್ಪಿದನೆಂದು ಜನ ಭಾವಿಸಿದರೆ ಹವ್ಯಾಸಿ ಆಟಗಾರನೆಂಬ ತನ್ನ ಮಾನ ಹೋಗುತ್ತದೆ ಎಂಬುದು ಅವನ ವಾದ. 1931ರಲ್ಲಿ ಹೌಸ್ ಆಫ್ ಲಾರ್ಡ್ಸ್ ಈ ವಾದವನ್ನು ಮಾನ್ಯ ಮಾಡಿತು. ಇಪ್ಪತ್ತೆರಡು ವರ್ಷಗಳ ಬಳಿಕ, 1953ರಲ್ಲಿ, ಅಮೆರಿಕದ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ಹೇಲನ್ ಮತ್ತು ಟಾಪ್ಸ್ ಎಂಬ ಚೂಯಿಂಗ್ ಗಮ್ ಕಂಪನಿಗಳ ವ್ಯಾಜ್ಯದಲ್ಲಿ ಪ್ರಶ್ನೆ ತಿರುವುಮುರುವಾಗಿತ್ತು. ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಬಳಸುವ ಹಕ್ಕು ಯಾವ ಕಂಪನಿಗೆ ಸೇರಿದ್ದು ಎಂಬುದು ಅಲ್ಲಿನ ವಿವಾದ. ವ್ಯಕ್ತಿಯ ಚಿತ್ರಕ್ಕೆ ಪ್ರಚಾರಮೌಲ್ಯವಿದೆ, ಅದು ಅವನು ಬೇರೆಯವರಿಗೆ ಒಪ್ಪಿಸಿಕೊಡಬಹುದಾದ ಹಕ್ಕು ಎಂದು ನ್ಯಾಯಾಧೀಶ ಜೆರೋಮ್ ಫ್ರಾಂಕ್ ತೀರ್ಪಿತ್ತರು. ಒಂದು ತಲೆಮಾರಿನೊಳಗೆ ಅವಮಾನವಾಗಿದ್ದುದು ಆಸ್ತಿಯಾಯಿತು.

ನಮ್ಮಲ್ಲಿ ಈ ದಾರಿಯನ್ನು ಮೊದಲು ತುಳಿದವರು ಚಿತ್ರನಟಿಯರು. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸ್ ಅವರು 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಅದುವರೆಗೆ ಹಾಲಿವುಡ್ ನಟಿಯರ ಮುಖಗಳೇ ಇರುತ್ತಿದ್ದ ಸ್ಥಾನಕ್ಕೆ ಬಂದ ಮೊದಲ ಭಾರತೀಯ ನಟಿ ಅವರೆಂಬುದು ಚಲನಚಿತ್ರ ಚರಿತ್ರೆಯ ದಾಖಲೆ. ಸಿನಿಮಾಕ್ಕೆ ಸೇರುವ ಹೆಣ್ಣನ್ನು ಸಮಾಜ ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಪದವೀಧರೆಯಾದ ಮಹಿಳೆಯೊಬ್ಬರ ಮುಖ ಸಾಬೂನಿನ ಮೂಲಕ ಮಧ್ಯಮವರ್ಗದ ಮನೆಯ ಬಚ್ಚಲನ್ನು ಪ್ರವೇಶಿಸಿತು. ಅನಂತರದ ದಶಕಗಳಲ್ಲಿ ಅವರು ತೆರೆಯ ಮೇಲಿನ ದುಃಖಿತ ತಾಯಿಯಾಗಿ ಪ್ರಸಿದ್ಧರಾದರು. 2003ರಲ್ಲಿ ದೂರದ ಅಮೆರಿಕದಲ್ಲಿ ತೀರಿಕೊಂಡಾಗ, ಆ ಸಾಬೂನಿನ ಮೊದಲ ಭಾರತೀಯ ಚಹರೆಯನ್ನು ನೆನೆದವರು ಬಹಳ ಮಂದಿ ಇರಲಿಲ್ಲ. ಮಾರುಕಟ್ಟೆಯು ಚಹರೆಗೆ ಬಾಡಿಗೆ ಕೊಡುತ್ತದೆ. ಬಾಡಿಗೆಯ ಅವಧಿ ಮುಗಿದ ಮೇಲೆ ನೆನಪಿನ ಹೊಣೆ ಅದರದಲ್ಲ. ಕಲ್ಲು ನಿಲ್ಲಿಸುವುದಕ್ಕೂ ಚಿತ್ರ ಅಚ್ಚುಹಾಕುವುದಕ್ಕೂ ಇರುವ ಅಂತರ ಇದು.

4. ಬ್ಯಾಟಿನ ಮೇಲಿನ ಅಕ್ಷರ

ಕ್ರೀಡಾಪಟುಗಳ ವಿಷಯಕ್ಕೆ ಬಂದರೆ, ಫರೂಕ್ ಎಂಜಿನಿಯರ್ ಅವರ ಬ್ರಿಲ್‌ಕ್ರೀಮ್ ಕ್ರಾಪು, ಸುನಿಲ್ ಗಾವಸ್ಕರ್ ಅವರ ದಿನೇಶ್ ಸೂಟಿಂಗ್ಸ್, ಕಪಿಲ್ ದೇವ್ ಅವರ ಪಾಮೋಲಿವ್ ಕ್ಷೌರದ ನೊರೆ ಇವು ಹಿಂದಿನ ತಲೆಮಾರಿಗೆ ನೆನಪಿರುವ ಚಿತ್ರಗಳು. ಆದರೆ ಅವು ಬಿಡಿಬಿಡಿಯಾದ ಒಪ್ಪಂದಗಳು. ಆಟಗಾರನ ಇಡೀ ಸಾರ್ವಜನಿಕ ವ್ಯಕ್ತಿತ್ವವನ್ನು ಒಂದು ಸಂಸ್ಥೆ ಗುತ್ತಿಗೆಗೆ ಹಿಡಿದು ನಿರ್ವಹಿಸುವ ಪದ್ಧತಿ ಭಾರತದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 1995ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ ಎಂದು ಸಾರಿತು. ಉಪಗ್ರಹ ವಾಹಿನಿಗಳ ಮುಂದೆ ಕ್ರಿಕೆಟ್ಟಿನ ದೊಡ್ಡ ಮಾರುಕಟ್ಟೆ ತೆರೆಯಿತು. ಅದೇ ವರ್ಷ ಬೆಂಗಳೂರು ಮೂಲದ ಮಾರ್ಕ್ ಮಸ್ಕರೇನ್ಹಸ್ ಅವರ ವರ್ಲ್ಡ್‌ಟೆಲ್ ಸಂಸ್ಥೆಯು ಸಚಿನ್ ತೆಂಡೂಲ್ಕರ್ ಅವರೊಡನೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅದರ ಮೊತ್ತ ಸುಮಾರು 30 ಕೋಟಿ ರೂಪಾಯಿಗಳೆಂದು ವರದಿಯಾಗಿ ನಾಡೆಲ್ಲ ಬೆರಗಾಯಿತು. ಮಸ್ಕರೇನ್ಹಸ್ 2002ರ ಜನವರಿಯಲ್ಲಿ ನಾಗಪುರದ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ತೋರಿಸಿದ ದಾರಿ ಮಾತ್ರ ಹೆದ್ದಾರಿಯಾಯಿತು.

ಈ ಒಪ್ಪಂದಗಳ ಒಳವಿನ್ಯಾಸವನ್ನು ಗಮನಿಸಬೇಕು. ಒಂದು ಬಗೆಯ ಸರಕಿಗೆ ಒಂದೇ ಕಂಪನಿ. ವರ್ಷಕ್ಕೆ ಇಂತಿಷ್ಟು ದಿನಗಳ ಚಿತ್ರೀಕರಣ. ಚಿತ್ರವನ್ನು ಬಳಸಲು ಇಂತಿಷ್ಟು ಅವಧಿ. ನಡತೆ ಕೆಟ್ಟರೆ ಒಪ್ಪಂದ ರದ್ದು. ದಲ್ಲಾಳಿಗೆ ಇಂತಿಷ್ಟು ಪಾಲು. ಹಿಂದೆ ಜಾತ್ರೆಯ ಕಟ್ಟುಪಾಡುಗಳು ಕಲಾವಿದನನ್ನು ನಿಯಂತ್ರಿಸುತ್ತಿದ್ದಂತೆ ಈಗ ಕರಾರಿನ ಕಲಮುಗಳು ತಾರೆಯನ್ನು ನಿಯಂತ್ರಿಸುತ್ತವೆ. ವ್ಯತ್ಯಾಸವೆಂದರೆ ಮೊದಲನೆಯದು ಊರಿಗೆ ಉತ್ತರದಾಯಿಯಾಗಿತ್ತು, ಎರಡನೆಯದು ಕಂಪನಿಗೆ. 2002ರ ಚಾಂಪಿಯನ್ಸ್ ಟ್ರೋಫಿಯ ಸಂದರ್ಭದಲ್ಲಿ, ಪಂದ್ಯಾವಳಿಯ ಪ್ರಾಯೋಜಕರಿಗೆ ಪ್ರತಿಸ್ಪರ್ಧಿಗಳಾದ ಕಂಪನಿಗಳ ಜಾಹೀರಾತಿನಲ್ಲಿ ಆಟಗಾರರು ಕಾಣಿಸಿಕೊಳ್ಳಬಾರದೆಂಬ ನಿಬಂಧನೆಗೆ ಭಾರತದ ಆಟಗಾರರು ತಕರಾರು ಎತ್ತಿದರು. ಒಂದೇ ಮುಖದ ಮೇಲೆ ಆಟಗಾರ, ಕ್ರಿಕೆಟ್ ಮಂಡಳಿ, ಪ್ರಾಯೋಜಕ ಈ ಮೂವರೂ ಹಕ್ಕು ಹೇಳಿದ ಪ್ರಸಂಗವಿದು. ಮುಂದೆ ಆಟಗಾರರೇ ವ್ಯಾಪಾರದ ಪಾಲುದಾರರಾದರು. ವಿರಾಟ್ ಕೊಹ್ಲಿ 2017ರಲ್ಲಿ ಪ್ಯೂಮಾ ಕಂಪನಿಯೊಡನೆ ಎಂಟು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದಾಗ ಅದರ ಮೌಲ್ಯ ಸುಮಾರು 110 ಕೋಟಿ ರೂಪಾಯಿ ಎಂದು ವರದಿಯಾಯಿತು. ಅಂಗಿಯ ಮೇಲಿನ 18 ಎಂಬ ಅಂಕಿಯೂ ‘ಒನ್8’ ಎಂಬ ವ್ಯಾಪಾರಮುದ್ರೆಯಾಯಿತು.

ಮುಖವನ್ನು ಕೊಡದಿರುವುದೂ ಒಂದು ಬಗೆಯ ನಿಯಂತ್ರಣವೇ. ತಂದೆಗೆ ಕೊಟ್ಟ ಮಾತಿನಂತೆ ತಾವು ತಂಬಾಕಿನ ಜಾಹೀರಾತಿಗೆ ಒಪ್ಪಲಿಲ್ಲವೆಂದು ಸಚಿನ್ ಹೇಳಿಕೊಂಡಿದ್ದಾರೆ. 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪುಲ್ಲೇಲ ಗೋಪಿಚಂದ್ ತಂಪುಪಾನೀಯದ ಜಾಹೀರಾತನ್ನು ನಿರಾಕರಿಸಿದರು.

ಇದೇ ಕಾಲದಲ್ಲಿ ನಮ್ಮ ಹಳ್ಳಿಗಳ ಮಕ್ಕಳು ಏನು ಮಾಡುತ್ತಿದ್ದರು? ತೆಂಗಿನ ಮಟ್ಟೆಯನ್ನೋ ಬಡಗಿ ಬಿಸಾಡಿದ ಹಲಗೆಯನ್ನೋ ಬ್ಯಾಟಾಗಿ ಕೆತ್ತಿಕೊಂಡು, ಅದರ ಮೇಲೆ ಇದ್ದಲಿನಿಂದ ಎಂ.ಆರ್.ಎಫ್. ಎಂದು ಬರೆದುಕೊಳ್ಳುತ್ತಿದ್ದರು. ಟಯರ್ ಕಂಪನಿಯೊಂದು ಹಣ ಕೊಟ್ಟು ಸಚಿನ್ ಬ್ಯಾಟಿನ ಮೇಲೆ ಅಂಟಿಸಿದ ಆ ಮೂರು ಅಕ್ಷರಗಳನ್ನು ಈ ಮಕ್ಕಳು ಮಂತ್ರಾಕ್ಷರದಂತೆ ಸ್ವೀಕರಿಸಿದರು. ಅವರಿಗೆ ಯಾರೂ ಹಣ ಕೊಡಲಿಲ್ಲ, ಅವರ ಮೇಲೆ ಯಾರೂ ಮೊಕದ್ದಮೆಯನ್ನೂ ಹೂಡಲಿಲ್ಲ. ತಾರಾಮೌಲ್ಯ ಹುಟ್ಟುವುದು ಒಪ್ಪಂದದ ಕಾಗದದಲ್ಲಿ ಅಲ್ಲ, ಇಂಥ ಲಕ್ಷಾಂತರ ಹಲಗೆಗಳ ಮೇಲೆ ಎಂಬುದನ್ನು ಮರೆಯಲಾಗದು.

5. ಅಣ್ಣಾವ್ರು ಮತ್ತು ಹಾಲಿನ ಪೊಟ್ಟಣ

ಕರ್ನಾಟಕದ ಮಟ್ಟಿಗೆ ಈ ಚರ್ಚೆಯ ಕೇಂದ್ರದಲ್ಲಿ ನಿಲ್ಲುವವರು ಡಾ. ರಾಜ್‌ಕುಮಾರ್ (1929-2006). ಗಾಜನೂರಿನ ಮುತ್ತುರಾಜ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೊಡನೆ ಗುಬ್ಬಿ ಕಂಪನಿಯ ರಂಗದಲ್ಲಿ ಬೆಳೆದು, 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಮೂಲಕ ರಾಜ್‌ಕುಮಾರ್ ಆದರು. ಅವರ ಸಾರ್ವಜನಿಕ ಚಹರೆ ತಾನಾಗಿ ರೂಪುಗೊಂಡದ್ದೆಂದು ಭಾವಿಸುವುದು ಸರಿಯಲ್ಲ. ತೆರೆಯ ಮೇಲೆ ಕುಡಿತ, ಧೂಮಪಾನಗಳಿಂದ ದೂರವಿದ್ದದ್ದು. ಮನೆಯವರೆಲ್ಲ ಕುಳಿತು ನೋಡಬಹುದಾದ ಕಾದಂಬರಿ ಆಧಾರಿತ ಕಥೆಗಳನ್ನು ಆರಿಸಿಕೊಂಡದ್ದು. ಪಾರ್ವತಮ್ಮನವರ ನೇತೃತ್ವದಲ್ಲಿ ನಿರ್ಮಾಣವನ್ನೂ ಹಂಚಿಕೆಯನ್ನೂ ಮನೆಯ ಹಿಡಿತದಲ್ಲಿಯೇ ಇಟ್ಟುಕೊಂಡದ್ದು ಇವೆಲ್ಲ ಎಚ್ಚರದ ನಿರ್ಧಾರಗಳು. ಬಹುಕಾಲ ಪಿ.ಬಿ. ಶ್ರೀನಿವಾಸ್ ಅವರ ಕಂಠದಲ್ಲಿ ಹಾಡುತ್ತಿದ್ದ ತೆರೆಯ ಮೇಲಿನ ರಾಜ್‌ಕುಮಾರ್, 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ನಂತರ ತಮ್ಮದೇ ಕಂಠದಲ್ಲಿ ಹಾಡತೊಡಗಿದರು. ಮುಖ ಮತ್ತು ಕಂಠ ಒಂದಾದವು.

ಇಷ್ಟೊಂದು ಎಚ್ಚರದಿಂದ ಕಟ್ಟಿದ ಚಹರೆಯನ್ನು ಅವರು ಜಾಹೀರಾತಿಗೆ ಮಾರಲಿಲ್ಲ. ಅವರು ಒಪ್ಪಿದ್ದು ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ಹಾಲಿನ ಪ್ರಚಾರವನ್ನು, ಅದನ್ನೂ ಸಂಭಾವನೆಯಿಲ್ಲದೆ. ಹಳ್ಳಿಯ ರೈತರ ಸಹಕಾರಿ ಸಂಘಗಳ ಹಾಲು ಅದು ಎಂಬುದು ಕಾರಣ. ಅಭಿಮಾನಿಗಳನ್ನು ದೇವರೆಂದು ಕರೆದ ನಟನಿಗೆ, ಆ ದೇವರು ಕೊಟ್ಟ ಕೀರ್ತಿ ತನ್ನ ಕೈಯಲ್ಲಿರುವ ಕಾಣಿಕೆಯೇ ಹೊರತು ತನ್ನ ಆಸ್ತಿಯಲ್ಲ ಎಂಬ ಭಾವವಿದ್ದಿರಬೇಕು. ಇತ್ತ ಆಟೋರಿಕ್ಷಾಗಳ ಬೆನ್ನಿನ ಮೇಲೆ, ಕ್ಷೌರದಂಗಡಿಯ ಗೋಡೆಯ ಮೇಲೆ, ರಾಜ್ಯೋತ್ಸವದ ಬಾವುಟದ ಪಕ್ಕದಲ್ಲಿ ಅವರ ಮುಖವನ್ನು ಬರೆಯುವವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಲಾವಣಿಕಾರ ರಾಯಣ್ಣನನ್ನು ಬಳಸಿಕೊಂಡ ಬಗೆಯಲ್ಲಿಯೇ ನಾಡು ರಾಜ್‌ಕುಮಾರ್ ಅವರನ್ನು ಬಳಸಿಕೊಂಡಿತು.

ಆದರೆ ಎಲ್ಲರಿಗೂ ಸೇರಿದ ಕೀರ್ತಿಗೆ ತನ್ನದೇ ಅಪಾಯವುಂಟು. 2006ರ ಏಪ್ರಿಲ್ 12ರಂದು ಅವರು ನಿಧನರಾದಾಗ ಬೆಂಗಳೂರಿನಲ್ಲಿ ಭುಗಿಲೆದ್ದ ಹಿಂಸೆಯಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಅಂತಿಮ ದರ್ಶನದ ವೇಳೆ ಮನೆಯವರ ದುಃಖಕ್ಕೂ ಎಡೆಯಿಲ್ಲದಂತೆ ಜನಸಮೂಹ ಆ ದೇಹದ ಮೇಲೆ ತನ್ನ ಹಕ್ಕನ್ನು ಸ್ಥಾಪಿಸಿತು. ‘ನಮ್ಮ ಅಣ್ಣಾವ್ರು’ ಎಂಬ ಮಾತಿನಲ್ಲಿ ‘ನಮ್ಮ’ ಎಂಬುದು ಎಷ್ಟು ಭಾರವಾಗಬಲ್ಲದು ಎಂಬುದನ್ನು ಆ ದಿನ ತೋರಿಸಿತು.

ಮುಂದಿನ ತಲೆಮಾರಿನ ಪುನೀತ್ ರಾಜ್‌ಕುಮಾರ್ ವಾಣಿಜ್ಯ ಜಾಹೀರಾತುಗಳಲ್ಲಿ ನಟಿಸಿದರು. ನಂದಿನಿಗೆ ಮಾತ್ರ ತಂದೆಯಂತೆಯೇ ಸಂಭಾವನೆ ಪಡೆಯದೆ ದುಡಿದರು. 2023ರಲ್ಲಿ ಶಿವರಾಜ್‌ಕುಮಾರ್ ಕೂಡ ಅದೇ ರೀತಿ ಒಪ್ಪಿಕೊಂಡರು. ಹೊಸ ಕಾಲದ ವ್ಯವಹಾರವನ್ನು ಒಪ್ಪಿಯೂ ಒಂದು ಹೊಲವನ್ನು ಪೂಜೆಗೆಂದು ಬಿಟ್ಟುಕೊಟ್ಟ ನಡೆ ಇದು. 2021ರ ಅಕ್ಟೋಬರ್ 29ರಂದು ಪುನೀತ್ ಅಕಾಲ ಮರಣ ಹೊಂದಿದ ಬಳಿಕ, 2022ರ ಗಣೇಶ ಚತುರ್ಥಿಯಲ್ಲಿ ಅವರ ಆಕೃತಿಯೊಡನೆ ಮಾಡಿದ ಗಣಪತಿಯ ಮೂರ್ತಿಗಳು ಊರೂರುಗಳಲ್ಲಿ ಕೂತವು. ಕುಂಬಾರನ ಕೈಯಲ್ಲಿ ವೀರಗಲ್ಲಿನ ಪರಂಪರೆ ಹೊಸ ರೂಪ ಪಡೆಯಿತು ಎನ್ನಬಹುದು.

ಇದರ ಪಕ್ಕದಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿನ ಕಥೆಯನ್ನು ಇಟ್ಟು ನೋಡಬೇಕು. ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿ ಇಂದು ರಾಜ್ಯ ಸರ್ಕಾರದ ಒಡೆತನದಲ್ಲಿರುವ ಈ ಸಾಬೂನು ಗಂಧದ ಹೆಸರಿನಿಂದಲೇ ದಶಕಗಳ ಕಾಲ ಮಾರಾಟವಾಯಿತು. 2006ರಲ್ಲಿ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಅದರ ರಾಯಭಾರಿಯಾದರು; ಆ ನಂಟು ಬಹುಕಾಲ ಬಾಳಲಿಲ್ಲ. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.2 ಕೋಟಿ ರೂಪಾಯಿ ಸಂಭಾವನೆಯ ಮೇಲೆ ನೇಮಿಸಿದಾಗ, ಕನ್ನಡದ ನಟಿಯರಿರಲಿಲ್ಲವೇ ಎಂಬ ಆಕ್ಷೇಪಣೆ ಎದ್ದಿತು. ರಾಜ್ಯದ ಹೊರಗಿನ ಮಾರುಕಟ್ಟೆಯನ್ನು ತಲುಪಲು ಇದು ಅಗತ್ಯವೆಂದು ಸರ್ಕಾರ ಸಮರ್ಥಿಸಿಕೊಂಡಿತು. ಮಾರುಕಟ್ಟೆಯ ಲೆಕ್ಕದಲ್ಲಿ ಆ ಸಮರ್ಥನೆಯನ್ನು ಅಲ್ಲಗಳೆಯಲಾಗದು. ಆದರೆ ಜನರ ಅಸಮಾಧಾನದ ಬೇರು ಭಾಷಾಭಿಮಾನಕ್ಕಿಂತ ಆಳದಲ್ಲಿದೆ. ನಾಡಿನ ಹಾಲಿಗೆ ನಾಡಿನ ನಟ ಋಣ ತೀರಿಸಿದ ಚಿತ್ರ ಅವರ ಮನಸ್ಸಿನಲ್ಲಿ ಮಾದರಿಯಾಗಿ ನಿಂತಿತ್ತು. ನಾಡಿನ ಸಾಬೂನು ಮುಖವನ್ನು ಬಾಡಿಗೆಗೆ ಪಡೆದದ್ದು ಆ ಮಾದರಿಗೆ ಹೊಂದಲಿಲ್ಲ.

6. ನ್ಯಾಯಾಲಯದಲ್ಲಿ ಮುಖ ಮತ್ತು ಕಂಠ

ವ್ಯಕ್ತಿತ್ವದ ಹಕ್ಕಿಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯಿದೆ ಇಲ್ಲ. ನ್ಯಾಯಾಲಯಗಳು ಪ್ರಕರಣದಿಂದ ಪ್ರಕರಣಕ್ಕೆ ಅದನ್ನು ಕಟ್ಟುತ್ತ ಬಂದಿವೆ. ಗಾಯಕ ದಲೇರ್ ಮೆಹಂದಿಯವರನ್ನು ಹೋಲುವ, ಹಾಡುವ ಗೊಂಬೆಗಳನ್ನು ಮಾರಿದ ಪ್ರಕರಣದಲ್ಲಿ 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಮಾರಾಟವನ್ನು ತಡೆಯಿತು. ಆದರೆ ಅಣಕ, ವ್ಯಂಗ್ಯಚಿತ್ರಗಳನ್ನೆಲ್ಲ ಈ ಹಕ್ಕಿನ ಉಲ್ಲಂಘನೆಯೆಂದು ಎಣಿಸಬಾರದೆಂದೂ ಎಚ್ಚರಿಸಿತು. 2012ರಲ್ಲಿ ಟೈಟನ್ ಕಂಪನಿಯ ಮೊಕದ್ದಮೆಯಲ್ಲಿ, ಅಮಿತಾಭ್ ಮತ್ತು ಜಯಾ ಬಚ್ಚನ್ ಅವರ ಜಾಹೀರಾತು ಚಿತ್ರವನ್ನು ಬೇರೊಬ್ಬ ಆಭರಣ ವ್ಯಾಪಾರಿ ಬಳಸದಂತೆ ಅದೇ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಬಸ್ಸಿನ ನಿರ್ವಾಹಕರಾಗಿದ್ದ ರಜನಿಕಾಂತ್ ಅವರ ಹೆಸರು, ಚಿತ್ರ ಮತ್ತು ಶೈಲಿಯನ್ನು ಹಿಂದಿ ಚಿತ್ರವೊಂದು ಬಳಸದಂತೆ ಮದರಾಸು ಉಚ್ಚ ನ್ಯಾಯಾಲಯ 2015ರಲ್ಲಿ ತಡೆಯಿತು. ಅಮಿತಾಭ್ ಬಚ್ಚನ್ (2022), ಅನಿಲ್ ಕಪೂರ್ (2023), ಜಾಕಿ ಶ್ರಾಫ್ (2024) ಅವರೂ ದೆಹಲಿಯಲ್ಲಿ ಇಂಥ ಆದೇಶಗಳನ್ನು ಪಡೆದರು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಕಂಠವನ್ನು ನಕಲು ಮಾಡುವುದರ ವಿರುದ್ಧ ಗಾಯಕ ಅರಿಜಿತ್ ಸಿಂಗ್ 2024ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದಿಂದ ರಕ್ಷಣೆ ಪಡೆದರು. ಇನ್ನೊಂದೆಡೆ, ಕ್ರಿಕೆಟಿಗರ ಹೆಸರು, ರೇಖಾಚಿತ್ರ ಮತ್ತು ಅಂಕಿಅಂಶಗಳನ್ನು ಆಧರಿಸಿದ ಅಂತರಜಾಲದ ಆಟದ ಬಗೆಗಿನ 2023ರ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಮಧ್ಯಂತರ ತಡೆ ನೀಡಲು ನಿರಾಕರಿಸಿತು. ಸಾರ್ವಜನಿಕರಿಗೆ ಲಭ್ಯವಿರುವ ಮಾಹಿತಿಯ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲ ಎಂಬುದು ಅದರ ನಿಲುವು.

ಕಂಠವನ್ನೇ ಕದಿಯಬಲ್ಲ ಯಂತ್ರಗಳ ಕಾಲದಲ್ಲಿ ಈ ರಕ್ಷಣೆ ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ. ಅನಿಲ್ ಕಪೂರ್ ಅವರ ‘ಝಕಾಸ್’, ಜಾಕಿ ಶ್ರಾಫ್ ಅವರ ‘ಭಿಡು’ ಎಂಬ ಮಾತುಗಳೂ ಈ ರಕ್ಷಣೆಯ ವ್ಯಾಪ್ತಿಗೆ ಬಂದಿರುವುದನ್ನು ಮಾತ್ರ ಜಾನಪದ ಅಧ್ಯಯನವು ಎಚ್ಚರದಿಂದ ಗಮನಿಸಬೇಕು. ಇವು ಮುಂಬಯಿಯ ಬೀದಿಯಲ್ಲಿ ಹುಟ್ಟಿದ ಪದಗಳು. ನಟನು ಬೀದಿಯಿಂದ ಎತ್ತಿಕೊಂಡದ್ದು ಅವನ ವ್ಯಾಪಾರಮುದ್ರೆಯಾದಾಗ, ಕೊಟ್ಟ ಬೀದಿಯ ಪಾಲೇನು ಎಂಬ ಪ್ರಶ್ನೆ ಉಳಿಯುತ್ತದೆ.

7. ಕುಣಿದ ಕಾಲು

ತಾರೆಗಳಿಗೆ ವಕೀಲರಿದ್ದಾರೆ. ಜನಪದ ಕಲಾವಿದರ ಸ್ಥಿತಿಯೇನು? ಕಾನೂನು ಅವರನ್ನು ಪೂರ್ತಿಯಾಗಿ ಮರೆತಿಲ್ಲ. 1994ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆಯು ಪ್ರದರ್ಶಕನ ಹಕ್ಕನ್ನು ಮಾನ್ಯ ಮಾಡಿತು. ಪ್ರದರ್ಶಕರು ಯಾರೆಂದು ವಿವರಿಸುವಾಗ ಅದು ನಟ, ಗಾಯಕ, ನರ್ತಕರ ಜೊತೆಗೆ ದೊಂಬರಾಟದವನನ್ನೂ ಹಾವಾಡಿಗನನ್ನೂ ಉಪನ್ಯಾಸ ಮಾಡುವವನನ್ನೂ ಒಂದೇ ಸಾಲಿನಲ್ಲಿ ಹೆಸರಿಸುತ್ತದೆ. 2012ರ ತಿದ್ದುಪಡಿಯು ಪ್ರದರ್ಶಕನಿಗೆ ತನ್ನ ಹೆಸರನ್ನು ಹೇಳಿಸಿಕೊಳ್ಳುವ ನೈತಿಕ ಹಕ್ಕನ್ನೂ ನೀಡಿತು. ಆದರೆ ಈ ಹಕ್ಕನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತುವ ಶಕ್ತಿ ಹಾವಾಡಿಗನಿಗೆಲ್ಲಿದೆ? 2020ರಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು ಐಕಳದಲ್ಲಿ 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ, ಉಸೇನ್ ಬೋಲ್ಟನೊಡನೆ ಹೋಲಿಸಿ ಒಂದೇ ವಾರದಲ್ಲಿ ಅವರನ್ನು ಜಗತ್ಪ್ರಸಿದ್ಧಗೊಳಿಸಿದವರು ಬೇರೆಯವರು. ಅವರು ಓಟದ ಆಯ್ಕೆ ಪರೀಕ್ಷೆಗೆ ಹೋಗಲೊಪ್ಪದೆ ಕಂಬಳದ ಗದ್ದೆಯಲ್ಲಿಯೇ ಉಳಿದರು. ಆ ಕೀರ್ತಿಯನ್ನು ಕಟ್ಟುವಾಗ ಅವರನ್ನು ಯಾರೂ ಕೇಳಿರಲಿಲ್ಲ. ಅದನ್ನು ಬೇಡವೆನ್ನುವುದಷ್ಟೇ ಅವರ ಕೈಯಲ್ಲಿತ್ತು.

ಇಲ್ಲಿ ನನ್ನದೇ ಒಂದು ಅನುಭವವನ್ನು ದಾಖಲಿಸುವುದು ಅನಿವಾರ್ಯ. ಸಂಶೋಧನೆಯ ದಿನಗಳಲ್ಲಿ ಹಳೆಯ ಮೈಸೂರು ಭಾಗದ ಊರೊಂದರಲ್ಲಿ ವೀರಗಾಸೆಯ ಹಿರಿಯ ಕಲಾವಿದರೊಬ್ಬರ ಚಿತ್ರಗಳನ್ನು ತೆಗೆದಿದ್ದೆ. ಕೆಲವು ವರ್ಷಗಳ ಬಳಿಕ ನನ್ನ ಮಹಾಪ್ರಬಂಧ ಪುಸ್ತಕವಾಗಿ ಬಂದಾಗ ಅದರ ಮುಖಪುಟದಲ್ಲಿ ಅವರ ಚಿತ್ರ ಅಚ್ಚಾಯಿತು. ಕೆಳಗೆ ನನ್ನ ಹೆಸರು ಮತ್ತು ಪದವಿ. ಅವರ ಹೆಸರು ಒಳಪುಟದಲ್ಲಿಯೂ ಇರಲಿಲ್ಲ. ಪುಸ್ತಕವನ್ನು ಹೆಮ್ಮೆಯಿಂದ ಅವರ ಮನೆಗೆ ಒಯ್ದು ಕೊಟ್ಟೆ. ಅವರು ಬಹಳ ಹೊತ್ತು ಮುಖಪುಟವನ್ನೇ ನೋಡಿದರು. ‘ಕೇಳದೆ ಹಾಕಿಬಿಟ್ಟೆ, ಬೇಸರವಾಯಿತೇ’ ಎಂದು ತಡವಾಗಿ ಕೇಳಿದೆ. ‘ಮುಖ ವೀರಭದ್ರಂದು ಸಾಮಿ, ನಮ್ದಲ್ಲ. ಕುಣ್ದ ಕಾಲು ಮಾತ್ರ ನಮ್ದು’ ಎಂದರು. ಚಿತ್ರವನ್ನು ಸೊಂಟದ ಮೇಲಕ್ಕೆ ಕತ್ತರಿಸಿ ಅಚ್ಚು ಹಾಕಲಾಗಿತ್ತು. ಅದರಲ್ಲಿ ಕಾಲುಗಳಿರಲಿಲ್ಲ.

ಅವರ ಮಾತಿನಲ್ಲಿ ದೂರಿರಲಿಲ್ಲ. ಆದರೆ ಈ ಲೇಖನದಲ್ಲಿ ಚರ್ಚಿಸಿದ ಎಲ್ಲ ತೀರ್ಪುಗಳಿಗಿಂತ ನಿಖರವಾದ ವಿಂಗಡಣೆಯೊಂದು ಅದರಲ್ಲಿತ್ತು. ಕೀರ್ತಿಯಲ್ಲಿ ಎಲ್ಲರಿಗೂ ಸೇರಿದ ಭಾಗವೊಂದುಂಟು. ಅದು ದೇವರ ಮುಖ, ಊರಿನ ಹಾಡು, ಬೀದಿಯ ಮಾತು. ದುಡಿದವನಿಗೆ ಮಾತ್ರ ಸೇರಿದ ಭಾಗವೊಂದುಂಟು. ಅದು ಕುಣಿದ ಕಾಲು. ತಾರೆಗಳ ಕರಾರುಗಳು ಮೊದಲನೆಯದನ್ನೂ ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತಿವೆ. ನಾವು ಸಂಶೋಧಕರು, ಅಕಾಡೆಮಿಗಳು, ಪ್ರವಾಸೋದ್ಯಮದ ಭಿತ್ತಿಪತ್ರಗಳು ಎರಡನೆಯದನ್ನೂ ಎಲ್ಲರ ಸೊತ್ತೆಂದು ಬಗೆದು ಉಣ್ಣುತ್ತಿದ್ದೇವೆ. ಎರಡೂ ಕಡೆ ಮರೆತುಹೋಗಿರುವುದು ಗೊರವನ ಹೊಣೆ.

ಆದ್ದರಿಂದ ಜಾನಪದ ಸಂಸ್ಥೆಗಳು ಪ್ರಕಟಿಸುವ ಪ್ರತಿಯೊಂದು ಚಿತ್ರದ ಕೆಳಗೆ ಕಲಾವಿದನ ಹೆಸರು ಮತ್ತು ಊರು ಇರಬೇಕು. ಧ್ವನಿಮುದ್ರಣಕ್ಕೂ ಛಾಯಾಚಿತ್ರಕ್ಕೂ ಮುನ್ನ ಅವರ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಅವುಗಳಿಂದ ಆದಾಯ ಬಂದಲ್ಲಿ ಒಂದು ಪಾಲು ಅವರಿಗೆ ಸಲ್ಲಬೇಕು. ಇವು ದೊಡ್ಡ ಕ್ರಾಂತಿಯ ಮಾತುಗಳಲ್ಲ. ಸಾವಿರ ವರ್ಷಗಳ ಹಿಂದೆ ಒಂದು ನಾಯಿಯ ಹೆಸರನ್ನು ಮರೆಯದೆ ಕಲ್ಲಿನಲ್ಲಿ ಬರೆದ ನಾಡಿಗೆ ಇಷ್ಟು ಮಾಡುವುದು ಕಷ್ಟವಾಗಲಾರದು. ನನ್ನ ಪುಸ್ತಕದ ಎರಡನೆಯ ಮುದ್ರಣದಲ್ಲಿ ಚಿತ್ರವನ್ನು ಕತ್ತರಿಸದೆ, ಕಾಲುಗಳ ಸಹಿತ, ಅವರ ಹೆಸರಿನೊಡನೆ ಅಚ್ಚುಹಾಕಿಸಿದೆ. ಅದನ್ನು ಅವರ ಕೈಗೆ ಕೊಡಲು ಹೋದಾಗ ಬಾಗಿಲು ತೆರೆದವನು ಅವರ ಮಗ. ಪುಸ್ತಕವನ್ನು ಒಳಗೆ ಒಯ್ದು, ಗೆಜ್ಜೆಗಳನ್ನು ತೂಗುಹಾಕಿದ್ದ ಗೂಟದ ಕೆಳಗೆ ಇಟ್ಟು ಕೈಮುಗಿದ.